ರಿಜೆಕ್ಟ್ ಕ್ರೇಟಿನಲ್ಲಿ ಹೊಲದ ಲೆಕ್ಕ: ಮಿಡಿಸೌತೆ ಕಾರ್ಖಾನೆ ನೋಡುವ ಕೃಷಿ ವಿದ್ಯಾರ್ಥಿಗಳಿಗೆ

(ಕೃಷಿ ವಿದ್ಯಾರ್ಥಿಗಳ ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಆಹಾರ ಕಾರ್ಖಾನೆಗೆ ಹೋಗಿಬಂದ ವಿದ್ಯಾರ್ಥಿ ಸಂಘಗಳ ವರದಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತಲೆಗೆ ಟೋಪಿ ಹಾಕಿಸಿದರು, ಸ್ಟೀಲ್ ಯಂತ್ರಗಳನ್ನು ತೋರಿಸಿದರು, ಗಂಟೆಗೆ ಇಷ್ಟು ಟನ್ ಅಂದರು, ಕೊನೆಗೊಂದು ಗುಂಪು ಫೋಟೊ. ಯಂತ್ರದ ಸಾಮರ್ಥ್ಯ ಅದರ ಮೇಲಿನ ಫಲಕದಲ್ಲೇ ಬರೆದಿರುತ್ತದೆ, ಅದನ್ನು ತಿಳಿಯಲು ಬಸ್ಸು ಮಾಡಿಕೊಂಡು ಹೋಗಬೇಕಾಗಿಲ್ಲ. ಕೃಷಿ ಓದುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕಾಯಿ ಆರಿಸುವ ಬೆಲ್ಟಿನ ಪಕ್ಕದ ರಿಜೆಕ್ಟ್ ಕ್ರೇಟುಗಳ ಹತ್ತಿರ. ಕಾರ್ಖಾನೆ ಯಾವ ಕಾಯಿಯನ್ನು ಬೇಡ ಅನ್ನುತ್ತದೆ, ಯಾಕೆ ಅನ್ನುತ್ತದೆ ಎಂದು ತಿಳಿದರೆ ಆ ಕಾಯಿ ಬೆಳೆದ ಹೊಲದಲ್ಲಿ ಏನು ತಪ್ಪಿದೆ ಅನ್ನುವುದನ್ನು ಅಲ್ಲೇ ನಿಂತು ಹೇಳಬಹುದು.

ಇದಕ್ಕೆ ಮಿಡಿಸೌತೆಯಷ್ಟು ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಎಳೆಯದಾಗಿರುವಾಗಲೇ ಕಿತ್ತು, ಉಪ್ಪುನೀರಿನಲ್ಲೋ ಹುಳಿ ದ್ರಾವಣದಲ್ಲೋ ಹಾಕಿ ಡ್ರಮ್ಮು, ಜಾರ್‌ಗಳಲ್ಲಿ ಹೊರದೇಶಕ್ಕೆ ಕಳಿಸುವ ಸಣ್ಣ ಸೌತೆ ಇದು. ರೈತರು ಗರ್ಕಿನ್ ಅಂತಲೇ ಕರೆಯುವ ಈ ಬೆಳೆ ನಮ್ಮ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಶುರುವಾದದ್ದೇ ಕರ್ನಾಟಕದಲ್ಲಿ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ಸರ್ಕಾರದ ಲೆಕ್ಕದಂತೆ 2020-21ರಲ್ಲಿ ಸೌತೆ ಮತ್ತು ಗರ್ಕಿನ್ ಸೇರಿ 2,23,515 ಟನ್ ಹೊರದೇಶಕ್ಕೆ ಹೋಗಿದೆ, ಬೆಲೆ 22.3 ಕೋಟಿ ಡಾಲರ್. ಸುಮಾರು 90 ಸಾವಿರ ಸಣ್ಣ ರೈತರು, 65 ಸಾವಿರ ಎಕರೆ, ಎಲ್ಲವೂ ಕಂಪನಿಗಳ ಜೊತೆಗಿನ ಒಪ್ಪಂದದ ಮೇಲೆ. ಇಷ್ಟಾದರೂ ನಮ್ಮ ಯಾವ ಸಂತೆಯಲ್ಲೂ ಗರ್ಕಿನ್ ಸಿಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊದಲು ನಡೆಯುವ ದಾರಿಯ ವಿಷಯ. ಒಳ್ಳೆಯ ಕಾರ್ಖಾನೆ ನಿಮ್ಮನ್ನು ತಯಾರಾದ ಮಾಲಿನ ಕಡೆಯಿಂದ ಒಳಗೆ ಬಿಟ್ಟು ಹಸಿಕಾಯಿ ಇಳಿಸುವ ಕಡೆಗೆ ಕರೆದೊಯ್ಯುತ್ತದೆ. ಹಸಿಕಾಯಿಯ ಮಣ್ಣು, ರೋಗಾಣು ನಿಮ್ಮ ಬೂಟಿನ ಜೊತೆ ಜಾರ್ ತುಂಬುವ ಕೋಣೆಗೆ ಹೋಗಬಾರದು ಅನ್ನುವುದು ಅದರ ಉದ್ದೇಶ. ಕಾರಣ ಹುಡುಕುತ್ತ ಹಿಂದಕ್ಕೆ ಹೋಗಬೇಕಾದ ನಮಗೂ ಅದೇ ದಾರಿ ಅನುಕೂಲ. ಉಲ್ಟಾ ಕರೆದೊಯ್ದರೆ ಅಷ್ಟರಿಂದಲೇ ಆ ಕಾರ್ಖಾನೆಯ ಶಿಸ್ತಿನ ಬಗ್ಗೆ ಒಂದು ಅಂದಾಜು ಮಾಡಿಕೊಳ್ಳಬಹುದು.

ಈಗ ಎಣಿಕೆ. ಗರ್ಕಿನ್ ಗ್ರೇಡ್ ನಿಂತಿರುವುದು ಕಿಲೋಗೆ ಎಷ್ಟು ಕಾಯಿ ಎಂಬುದರ ಮೇಲೆ. ಕಂಪನಿಯಿಂದ ಕಂಪನಿಗೆ ಅಂಕಿ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಕಿವಿಗೆ ಬೀಳುವವು 160 ಪ್ಲಸ್, 100 ಪ್ಲಸ್, 60 ಪ್ಲಸ್, 30 ಪ್ಲಸ್. ಕಿಲೋಗೆ 160 ಅಂದರೆ ಒಂದು ಕಾಯಿ ಆರೂಕಾಲು ಗ್ರಾಂ, 60 ಅಂದರೆ ಹದಿನಾರು ಹದಿನೇಳು ಗ್ರಾಂ, 30 ಅಂದರೆ ಮೂವತ್ತಮೂರು ಗ್ರಾಂ. ಈ ಹಂತದಲ್ಲಿ ಸೌತೆಯ ತೂಕ ಒಂದೇ ದಿನದಲ್ಲಿ ಎರಡು ಪಟ್ಟಾಗಬಲ್ಲದು. ಇಂದು ಸಂಜೆ ಎಲೆಯ ಮರೆಯಲ್ಲಿ ಕೈಗೆ ಸಿಗದೆ ಉಳಿದ 160ರ ಕಾಯಿ ನಾಳಿದ್ದು ಬೆಳಿಗ್ಗೆ 60ರ ಗ್ರೇಡಿಗೆ ಇಳಿದಿರುತ್ತದೆ. ಬಿತ್ತಿದ ಮೂವತ್ತು, ಮೂವತ್ತೈದು ದಿನಕ್ಕೆ ಕೊಯ್ಲು ಶುರುವಾದರೆ ಬೆಳೆ ಮುಗಿಯುವ ತನಕ, ಅಂದರೆ ತೊಂಬತ್ತು ದಿನದವರೆಗೆ, ಒಂದು ದಿನವೂ ಬಿಡುವಿಲ್ಲದೆ ಕಾಯಿ ಬಿಡಿಸಬೇಕಾಗುವುದು ಇದಕ್ಕೇ.

ಸಣ್ಣ ಕಾಯಿಗೆ ದರ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ, ಲೆಕ್ಕ ಹಾಕುವವರು ಕಡಿಮೆ. ಬರಿಯ ಉದಾಹರಣೆಗೆಂದು ದರ ಹೀಗಿಟ್ಟುಕೊಳ್ಳಿ: 160ಕ್ಕೆ ಕಿಲೋಗೆ 40 ರೂಪಾಯಿ, 60ಕ್ಕೆ 12, 30ಕ್ಕೆ 6. ಸಾವಿರ ಕಾಯಿ 160ರಲ್ಲಿ ಕಿತ್ತರೆ 6.25 ಕಿಲೋ, 250 ರೂಪಾಯಿ. ಅದೇ ಸಾವಿರ ಕಾಯಿ 60ಕ್ಕೆ ಬಂದಾಗ ಕಿತ್ತರೆ 16.7 ಕಿಲೋ, 200 ರೂಪಾಯಿ. 30ಕ್ಕೆ ಬಂದಾಗಲೂ 33 ಕಿಲೋ, 200 ರೂಪಾಯಿಯೇ. ಕಾಯಿಯ ಲೆಕ್ಕದಲ್ಲಿ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ, ಬಿಡಿಸುವ ಕೂಲಿಯೂ ಸಾವಿರ ಕಾಯಿಗೆ ಅಷ್ಟೇ. ಹಾಗಾದರೆ ಸಣ್ಣದು ಕೀಳುವುದರ ಲಾಭ ಎಲ್ಲಿ? ಅದಿರುವುದು ಹಂಬಿನಲ್ಲಿ. ಬಳ್ಳಿಯ ಮೇಲೆ ಒಂದು ಕಾಯಿ ದಪ್ಪಗಾಗತೊಡಗಿದರೆ ಗಿಡದ ಆಹಾರವೆಲ್ಲ ಅದರ ಕಡೆಗೆ ಹರಿದು ಮೇಲಿನ ಗಿಣ್ಣುಗಳ ಮಿಡಿಗಳು ಬೆಳೆಯದೆ ನಿಲ್ಲುತ್ತವೆ, ಕೆಲವು ಹಳದಿಯಾಗಿ ಉದುರುತ್ತವೆ. ಆಯಾ ದಿನವೇ ಬಿಡಿಸುತ್ತ ಹೋದ ಹಂಬಿನಲ್ಲಿ ಒಟ್ಟು ಕಾಯಿಯ ಸಂಖ್ಯೆಯೇ ಹೆಚ್ಚುತ್ತದೆ. ರಿಜೆಕ್ಟ್ ಕ್ರೇಟಿನಲ್ಲಿ ಬಿಯರ್ ಬಾಟಲಿ ದಪ್ಪದ ಕಾಯಿಗಳು ಕಂಡರೆ ಆ ರೈತನ ಬಳಿ ಹಲವು ದಿನ ಆಳು ಇರಲಿಲ್ಲ ಎಂದು ತಿಳಿಯಿರಿ. ಅವನ ನಷ್ಟ ಆ ಕಾಯಿಗಳಿಗಿಂತ, ಅವುಗಳಿಂದಾಗಿ ಹುಟ್ಟದೇ ಹೋದ ಕಾಯಿಗಳಲ್ಲಿ ಹೆಚ್ಚು. ಎಕರೆಗೆ ನಾಲ್ಕು ಅಡಿ ಸಾಲು, ಒಂದಡಿ ಗಿಡದಂತೆ ಹತ್ತೂವರೆ ಸಾವಿರಕ್ಕೂ ಹೆಚ್ಚು ಬಳ್ಳಿಗಳು. ಅಷ್ಟನ್ನೂ ದಿನಾ ಮುಟ್ಟಿ ನೋಡಲು ಕೈಗಳು ಬೇಕು. ಮನೆಯ ಆಳು ಮತ್ತು ಕೂಲಿ ಸೇರಿ ಎಷ್ಟು ಕೈ ಇವೆ ಎಂದು ಮೊದಲು ಎಣಿಸಿ, ಎಷ್ಟು ಎಕರೆ ಹಾಕುವುದೆಂದು ಆಮೇಲೆ ನಿರ್ಧರಿಸುವುದು ಸರಿಯಾದ ಕ್ರಮ. ನೀರಿದೆ ಎಂದು ಎರಡು ಎಕರೆ ಹಾಕಿ ಕೈ ಸಾಲದೆ ದಪ್ಪಕಾಯಿ ತೂಗುವವರೇ ಹೆಚ್ಚು.

ಇನ್ನು ಆಕಾರ ಕೆಟ್ಟ ಕಾಯಿಗಳು. ಕ್ರೇಟಿನಿಂದ ಒಂದೊಂದೇ ಕೈಗೆತ್ತಿಕೊಂಡು ನೋಡಿ. ಹೂವಿನ ತುದಿ ಮೊನಚಾಗಿ, ಮೈಬಣ್ಣ ಪೇಲವವಾಗಿದ್ದರೆ ಸಾರಜನಕದ ಕೊರತೆ. ತೊಟ್ಟಿನ ಕಡೆ ಸಪೂರವಾಗಿ ಹೂವಿನ ಕಡೆ ಬುರುಡೆಯಂತೆ ಉಬ್ಬಿದ್ದರೆ ಪೊಟ್ಯಾಷ್ ಕೊರತೆ. ಹೂವಿನ ತುದಿ ಸುರುಟಿ ಒಂದು ಕಡೆಗೆ ತಿರುಚಿದ್ದರೆ ಪರಾಗ ಸಾಲದೆ ಒಂದು ಮಗ್ಗುಲಿನ ಬೀಜ ಕಟ್ಟಿಲ್ಲ. ಪರಾಗ ಬೇಕಾಗುವ ತಳಿಗಳಲ್ಲಿ ಇದು ಜೇನುನೊಣ ಬಾರದ ಗುರುತು. ಬೆಳಗಿನ ಹೊತ್ತು ಹೂ ಅರಳಿ ನೊಣ ಓಡಾಡುವಾಗಲೇ ಔಷಧಿ ಹೊಡೆದರೆ ನಾಲ್ಕಾರು ದಿನಗಳ ನಂತರದ ಕೊಯ್ಲಿನಲ್ಲಿ ಇಂಥವು ಗುಂಪಾಗಿ ಬರುತ್ತವೆ. ನೀರು ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಎಂಬಂತೆ ಕೊಟ್ಟರೂ ಕಾಯಿ ಬಾಗುತ್ತದೆ. ಮೈಮೇಲೆ ಬೆಳ್ಳಿ ಬಣ್ಣದ ಗೀರುಗಳಿದ್ದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕೆಲಸ. ಸೂಜಿ ಚುಚ್ಚಿದಂಥ ಚುಕ್ಕೆ, ಅದರಿಂದ ಅಂಟು ಒಸರಿ ಒಣಗಿದ್ದರೆ ಹಣ್ಣಿನ ನೊಣ ಮೊಟ್ಟೆ ಇಟ್ಟಿದೆ. ಈ ಕೊನೆಯದು ಮಾತ್ರ ಎಳ್ಳಷ್ಟೂ ರಿಯಾಯಿತಿ ಇಲ್ಲದ ದೋಷ, ಏಕೆಂದರೆ ಜಾರ್‌ನೊಳಗೆ ಹುಳು ಸಿಕ್ಕರೆ ಕಂಪನಿಗೆ ಆ ಗ್ರಾಹಕನೇ ಇಲ್ಲ. ಹೊಲದಲ್ಲಿ ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಕ್ಯೂ ಲೂರ್ ಬಲೆ ಕಟ್ಟುವುದು, ಬಿದ್ದ ಕಾಯಿಗಳನ್ನು ಆಯ್ದು ಆಳವಾಗಿ ಹೂಳುವುದು ಇದಕ್ಕೆ ಮದ್ದು. ದಪ್ಪಕಾಯಿಯನ್ನು ಕಿತ್ತು ಬದುವಿಗೆ ಎಸೆಯುವವರು ನೊಣವನ್ನು ಸಾಕುತ್ತಿದ್ದಾರೆ ಅಷ್ಟೇ.

ನನ್ನ ದೃಷ್ಟಿಯಲ್ಲಿ ಇಡೀ ಕಾರ್ಖಾನೆಯಲ್ಲಿ ಅತ್ಯಂತ ಕುತೂಹಲದ ವಸ್ತು ಕಾಯಿಯ ತುದಿಗೆ ಅಂಟಿಕೊಂಡು ಬರುವ ಒಣಗಿದ ಹೂ. ಉಗುರಿನ ತುದಿಯಷ್ಟೂ ಇರುವುದಿಲ್ಲ. ಬ್ರಷ್ ವಾಷರ್‌ನಲ್ಲಿ ಉಜ್ಜಿದರೂ ಹೋಗದ್ದನ್ನು ಸಾಲಾಗಿ ನಿಂತ ಹೆಣ್ಣುಮಕ್ಕಳು ಒಂದೊಂದೇ ಕಾಯಿ ತಿರುಗಿಸಿ ಬೆರಳಿನಿಂದ ತೆಗೆಯುತ್ತಾರೆ. ಇಷ್ಟು ಕೂಲಿ ಯಾಕೆ ಸುರಿಯುತ್ತಾರೆ? ಆ ಬಾಡಿದ ಹೂವಿನಲ್ಲಿ ಬೂಷ್ಟು ಬೆಳೆದಿರುತ್ತದೆ. ಬೂಷ್ಟು ಪೆಕ್ಟಿನ್ ಒಡೆಯುವ ಕಿಣ್ವ ಬಿಡುತ್ತದೆ. ಕಾಯಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದೇ ಪೆಕ್ಟಿನ್. ಉಪ್ಪುನೀರಿನ ಡ್ರಮ್ಮಿಗೆ ಹೂವಿನ ಸಮೇತ ಕಾಯಿ ಹೋದರೆ ಬೂಷ್ಟು ಸತ್ತರೂ ಕಿಣ್ವ ಕೆಲಸ ಮಾಡುತ್ತಲೇ ಇರುತ್ತದೆ. ಹಡಗಿನಲ್ಲಿ ವಾರಗಟ್ಟಲೆ ಹೋಗಿ ಡ್ರಮ್ ತೆರೆದಾಗ ಕಾಯಿ ಬೆರಳಿಗೆ ಮೆತ್ತಗೆ ಸಿಗುತ್ತದೆ. 1950ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದನ್ನು ಬೆನ್ನುಹತ್ತಿ ಪತ್ತೆ ಮಾಡಿದರು. ಕಿಣ್ವ ಇಳಿದುಕೊಂಡ ಮೊದಲ ಉಪ್ಪುನೀರನ್ನು ಒಂದೂವರೆ ದಿನಕ್ಕೆ ಬಸಿದು ಹೊಸದು ತುಂಬುವ ಉಪಾಯವೂ ಆಗಲೇ ಬಂತು. ಸಣ್ಣ ಕಾಯಿಯಲ್ಲಿ ಹೂ ಇನ್ನೂ ಉದುರಿರುವುದಿಲ್ಲ, ಹಾಗಾಗಿ ಅತಿ ಹೆಚ್ಚು ದರದ ಕಾಯಿಗೇ ಮೆತ್ತಗಾಗುವ ಅಪಾಯ ಹೆಚ್ಚು. ಕೊಯ್ಯುವಾಗಲೇ ಹೆಬ್ಬೆರಳಿನಿಂದ ಹೂ ಸವರಿ ತೆಗೆಯುವ ಅಭ್ಯಾಸ ಇರುವ ರೈತನ ಮಾಲು ಬೆಲ್ಟಿನ ಮೇಲೆ ಬೇಗ ಸಾಗುತ್ತದೆ.

ಗಡಸುತನಕ್ಕೆ ಕಾರ್ಖಾನೆ ತನ್ನ ಕಡೆಯಿಂದ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತದೆ, ಸಾಮಾನ್ಯವಾಗಿ ಶೇಕಡಾ 0.1ರಿಂದ 0.4. ಅದು ಪೆಕ್ಟಿನ್ ಸರಪಳಿಗಳನ್ನು ಬೆಸೆಯುತ್ತದೆ. ಹಾಗೆಂದು ಗೋಣಿಚೀಲದಲ್ಲಿ ತುಂಬಿ ಬಿಸಿಲಲ್ಲಿ ಬಿಟ್ಟ ಕಾಯಿಗೆ ಕ್ಯಾಲ್ಸಿಯಂ ಜೀವ ತುಂಬಲಾರದು. ಕಿತ್ತ ಮೇಲೂ ಕಾಯಿ ಉಸಿರಾಡುತ್ತದೆ, ಚೀಲದ ನಡುವೆ ಕೈ ತೂರಿಸಿದರೆ ಬಿಸಿ ತಾಗುತ್ತದೆ. ಒತ್ತಡಕ್ಕೆ ಒಳಗಿನ ಮೂರು ಹೋಳುಗಳು ಬಿಟ್ಟುಕೊಳ್ಳುತ್ತವೆ. ಹೊರಗೆ ಏನೂ ಕಾಣಿಸುವುದಿಲ್ಲ, ಉದ್ದಕ್ಕೆ ಸೀಳಿದಾಗ ಮಾತ್ರ ನಡುವೆ ಟೊಳ್ಳು. ಹಾಗಾಗಿ ಪರೀಕ್ಷೆ ಮೇಜಿನಲ್ಲಿ ಹತ್ತು ಕಾಯಿ ಸೀಳಿ ನೋಡುವವನ ಪಕ್ಕ ನಿಂತುಕೊಳ್ಳಿ. ಖರೀದಿ ಕೇಂದ್ರದಿಂದ ಲಾರಿಗಳು ಸಂಜೆ ಹೊರಟು ರಾತ್ರಿ ಕಾರ್ಖಾನೆ ಸೇರುವುದು, ಆರಿಸುವ ಕೆಲಸ ರಾತ್ರಿ ಪಾಳಿಯಲ್ಲೇ ಜೋರಾಗಿ ನಡೆಯುವುದು ಕಾಯಿ ಬಿಸಿಯಾಗಬಾರದೆಂಬ ಕಾರಣಕ್ಕೇ. ಹಗಲು ಹತ್ತು ಗಂಟೆಗೆ ಭೇಟಿಗೆ ಹೋದವರಿಗೆ ಅರ್ಧ ಕಾರ್ಖಾನೆ ಖಾಲಿ ಕಾಣುತ್ತದೆ. ಸಾಧ್ಯವಾದರೆ ಸಂಜೆಯ ಮೇಲಿನ ಸಮಯ ಕೇಳಿ.

ಹುದುಗಿಸಿ ಇಡುವ ವಿಧಾನದಲ್ಲಿ ಟೊಳ್ಳಿಗೆ ಇನ್ನೊಂದು ಕಾರಣವಿದೆ. ಶೇಕಡಾ 5ರಿಂದ 8ರ ಉಪ್ಪುನೀರಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಕಾಯಿಯ ಸಕ್ಕರೆಯನ್ನು ಆಮ್ಲ ಮಾಡುವಾಗ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಅದು ಹೊರಬರಲಾಗದೆ ಕಾಯಿಯೊಳಗೆ ಬಲೂನು ಕಟ್ಟುತ್ತದೆ. ಟ್ಯಾಂಕಿನ ತಳದಿಂದ ಗಾಳಿಯನ್ನೋ ಸಾರಜನಕವನ್ನೋ ಗುಳುಗುಳು ಬಿಟ್ಟು ಅದನ್ನು ಓಡಿಸುತ್ತಾರೆ. ದಪ್ಪಕಾಯಿಗೆ ಈ ಕಾಟ ಹೆಚ್ಚು, 160ರ ಕಾಯಿಗೆ ಕಡಿಮೆ.

ಜಾರ್ ಕೋಣೆಗೆ ಬಂದರೆ ಲೆಕ್ಕ ಬೇಕು. 720 ಮಿ.ಲೀ. ಜಾರ್‌ನಲ್ಲಿ ಒಟ್ಟು ಮಾಲು 670 ಗ್ರಾಂ, ಅದರಲ್ಲಿ ಕಾಯಿ 360, ದ್ರಾವಣ 310 ಎಂದಿಟ್ಟುಕೊಳ್ಳಿ. ಕೊನೆಗೆ ಇಡೀ ಜಾರ್‌ನಲ್ಲಿ ಶೇಕಡಾ 1 ಅಸಿಟಿಕ್ ಆಮ್ಲ (ವಿನೆಗರ್‌ನ ಹುಳಿ) ಇರಬೇಕಾದರೆ 6.7 ಗ್ರಾಂ ಬೇಕು. ಅಷ್ಟನ್ನೂ 310 ಗ್ರಾಂ ದ್ರಾವಣವೇ ಹೊತ್ತು ತರಬೇಕಾದ್ದರಿಂದ ದ್ರಾವಣ ಶೇಕಡಾ 2.16 ಇರಬೇಕು. ತುಂಬುವವರು ಆತುರದಲ್ಲಿ 40 ಗ್ರಾಂ ಕಾಯಿ ಹೆಚ್ಚು ತುರುಕಿದರೆ ದ್ರಾವಣ ಅಷ್ಟು ಕಡಿಮೆ ಹಿಡಿಯುತ್ತದೆ, ಆಮ್ಲ 5.8 ಗ್ರಾಂಗೆ ಇಳಿಯುತ್ತದೆ. ರುಚಿಯಲ್ಲಿ ಇದು ಗೊತ್ತಾಗಲಿಕ್ಕಿಲ್ಲ, ಸುರಕ್ಷತೆಯಲ್ಲಿ ದೊಡ್ಡ ವಿಷಯ. ಪಿಎಚ್ ಎಂಬುದು ಹುಳಿಯ ಅಳತೆ, ಆಮ್ಲ ಕಡಿಮೆಯಾದಷ್ಟೂ ಅದು ಏರುತ್ತದೆ. ಅದು 4.6ಕ್ಕಿಂತ ಮೇಲಿದ್ದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಜಾರ್‌ನಲ್ಲಿ ವಿಷ ಮಾಡಬಲ್ಲದು. ಅಮೆರಿಕಕ್ಕೆ ಹೋಗುವ ಇಂಥ ಮಾಲಿನ ಸಮತೋಲ ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿರಬೇಕೆಂದು ಅಲ್ಲಿನ ಕಾನೂನೇ ಇದೆ. ಕಾರ್ಖಾನೆಗಳು ಅದಕ್ಕಿಂತ ಸಾಕಷ್ಟು ಕೆಳಗೇ ಇಡುತ್ತವೆ. ಸಮತೋಲ ಎಂದರೆ ಕಾಯಿಯ ಒಳಗೂ ಹೊರಗೂ ಆಮ್ಲ ಸರಿಸಮ ಆದ ಮೇಲೆ. ತುಂಬಿದ ತಕ್ಷಣ ದ್ರಾವಣದಲ್ಲಿ ಮೀಟರ್ ಅದ್ದಿದರೆ ಬರುವ ಅಂಕಿಗೆ ಅರ್ಥವಿಲ್ಲ. ಕಾಯಿ ಬಸಿದು, ಅರೆದು, ಅದರ ಪಿಎಚ್ ನೋಡಬೇಕು. ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಯಾವಾಗ ಸರಿಹೊಂದಿಸಿದ್ದು ಎಂದು ಲ್ಯಾಬಿನಲ್ಲಿ ಕೇಳಿ, ರಿಜಿಸ್ಟರ್ ತೋರಿಸುತ್ತಾರೆ.

ಆಮೇಲೆ ಬಿಸಿ. ಜಾರ್‌ನ ನಡುಮಧ್ಯ 74 ಡಿಗ್ರಿ ಮುಟ್ಟಿ 15 ನಿಮಿಷ ನಿಲ್ಲಬೇಕೆಂಬುದು ಈ ಉದ್ಯಮದ ಹಳೆಯ ಅಳತೆ. ಅದಾದ ತಕ್ಷಣ ತಣಿಸಬೇಕು. ಬಿಸಿ ಜಾರ್‌ಗಳನ್ನು ಹಾಗೇ ಪೇರಿಸಿಟ್ಟರೆ ನಡುವಿನವು ರಾತ್ರಿಯಿಡೀ ಬೇಯುತ್ತಲೇ ಇದ್ದು ಕಾಯಿ ಮೆತ್ತಗಾಗುತ್ತದೆ. ತಣ್ಣೀರನ್ನು ಒಮ್ಮೆಲೇ ಸುರಿದರೆ ಗಾಜು ಸಿಡಿಯುತ್ತದೆ, ಹಾಗಾಗಿ ಟನಲ್‌ನಲ್ಲಿ ಹಂತಹಂತವಾಗಿ ನೀರಿನ ಬಿಸಿ ಇಳಿಸುತ್ತಾರೆ. ಕಾಯಿ ಹಸಿರು ಹೋಗಿ ಆಲಿವ್ ಬಣ್ಣಕ್ಕೆ ತಿರುಗುವುದು ಇಲ್ಲೇ: ಆಮ್ಲ ಮತ್ತು ಬಿಸಿಗೆ ಪತ್ರಹರಿತ್ತಿನ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ. ಅದು ದೋಷವಲ್ಲ. ಮುಚ್ಚಳ ಕಬ್ಬಿಣದ್ದಾದ್ದರಿಂದ ಮುಚ್ಚಿದ ಮೇಲೆ ಮೆಟಲ್ ಡಿಟೆಕ್ಟರ್ ಉಪಯೋಗಕ್ಕಿಲ್ಲ, ಅದನ್ನು ಮುಚ್ಚಳಕ್ಕೆ ಮೊದಲೇ ಇಡಬೇಕು, ಇಲ್ಲವೇ ಎಕ್ಸ್‌ರೇ ಬೇಕು. ಬೆಲ್ಟಿನ ಮೇಲೆ ಒಂದು ಜಾರ್ ಒಡೆದರೆ ಲೈನ್ ನಿಲ್ಲಿಸಿ ಅಕ್ಕಪಕ್ಕದ ಜಾರ್‌ಗಳನ್ನೂ ಎಸೆಯುತ್ತಾರೆ. ಹೊಲದಿಂದ ಬರುವ ಬೇಡದ ವಸ್ತುಗಳೂ ಕಡಿಮೆಯಲ್ಲ. ಹಂಬು ಕಟ್ಟಿದ ದಾರದ ತುಂಡು, ಬಳೆಚೂರು, ಬೀಡಿ ತುಂಡು, ಕೂದಲು. ಆರಿಸುವ ಜಾಗದಲ್ಲಿ ಅವುಗಳನ್ನು ಅಂಟಿಸಿಟ್ಟ ಒಂದು ಬೋರ್ಡ್ ಇದ್ದರೆ ಅದರ ಫೋಟೊ ತೆಗೆಯಲು ಅನುಮತಿ ಕೇಳಿ. ಗುಂಪು ಫೋಟೊಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಔಷಧಿ ಶೇಷ, ಅಂದರೆ ಹೊಡೆದ ಔಷಧಿ ಕಾಯಿಯಲ್ಲಿ ಉಳಿದುಬಿಡುವ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಓದಿಗೂ ರೈತನ ಅಭ್ಯಾಸಕ್ಕೂ ಜಗಳ ಇದೆ. ಐರೋಪ್ಯ ಒಕ್ಕೂಟದಲ್ಲಿ ಬೇರೆ ಮಿತಿ ಗೊತ್ತುಮಾಡದ ಔಷಧಿಗೆ ಇರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಕಾಯಿಯಲ್ಲಿ ಒಂದು ಗ್ರಾಂ. ಒಬ್ಬ ರೈತ ತಂದ 200 ಕಿಲೋ ಕಾಯಿಯಲ್ಲಿ ಕಿಲೋಗೆ 1 ಮಿಲಿಗ್ರಾಂ ಶೇಷ ಇದೆ ಅನ್ನಿ. ಅದು ಉಳಿದವರ ಶುದ್ಧ ಕಾಯಿಯೊಡನೆ ಬೆರೆತು 10 ಟನ್ ಲಾಟ್ ಆದರೂ ಕಿಲೋಗೆ 0.02, ಮಿತಿಯ ಎರಡರಷ್ಟು. ಇಡೀ ಲಾಟ್ ಹೋಯಿತು. ತೊಳೆದರೆ ಮೇಲಿನದು ಸ್ವಲ್ಪ ಹೋದೀತು, ಗಿಡದೊಳಗೆ ಇಳಿಯುವ ಅಂತರ್ವ್ಯಾಪಿ ಔಷಧಿ ಹೋಗದು.

ಇದಕ್ಕಿಂತ ಗಂಟಿನ ಪ್ರಶ್ನೆ ಕಾಯುವ ಅವಧಿಯದ್ದು. ಔಷಧಿ ಹೊಡೆದ ಏಳು ದಿನ ಕೊಯ್ಲು ಮಾಡಬಾರದು ಎಂದು ಒಂದು ಔಷಧಿಯ ಲೇಬಲ್ ಹೇಳುತ್ತದೆ ಅನ್ನಿ. ಗರ್ಕಿನ್ ಕೊಯ್ಲು ದಿನವೂ ನಡೆಯಬೇಕು. ಏಳು ದಿನ ಬಿಟ್ಟರೆ ಹಂಬಿನ ಮೇಲಿನದ್ದೆಲ್ಲ ದನದ ಮೇವು. ಹಾಗಾಗಿ ಕೊಯ್ಲು ಶುರುವಾದ ಮೇಲೆ ಅಂಥ ಔಷಧಿ ಈ ಬೆಳೆಗೆ ಇಲ್ಲವೇ ಇಲ್ಲ ಎಂದು ತಿಳಿಯಬೇಕು. ಕಾಯುವ ಅವಧಿ ಉದ್ದ ಇರುವವನ್ನು ಮೊದಲ ಮೂವತ್ತು ದಿನಗಳಲ್ಲೇ, ಕೊಯ್ಲಿಗೆ ಸಾಕಷ್ಟು ಮುಂಚೆಯೇ ಮುಗಿಸಬೇಕು. ಕೊಯ್ಲಿನ ಕಾಲಕ್ಕೆ ಉಳಿಯುವುದು ಒಂದೆರಡು ದಿನದ ಅವಧಿಯವು, ಜೈವಿಕ ಔಷಧಿಗಳು, ಬಲೆಗಳು, ರೋಗ ಹಿಡಿದ ಕೆಳ ಎಲೆ ಕಿತ್ತು ಹೊರಗೆ ಹಾಕುವ ಕೆಲಸ. ಬೂಜು ತುಪ್ಪಟ ರೋಗ ಮಾತ್ರ ಈ ಯೋಜನೆಯನ್ನೆಲ್ಲ ತಲೆಕೆಳಗು ಮಾಡಬಲ್ಲದು. ಮೋಡ ಮುಸುಕಿದ, ಇಬ್ಬನಿ ಬೀಳುವ ನಾಲ್ಕು ದಿನ ಸಾಕು, ಎಲೆಯ ಮೇಲೆ ನರಗಳ ನಡುವೆ ಹಳದಿ ಚೌಕಗಳು ಮೂಡುತ್ತವೆ. ಆಗ ರೈತ ಪಕ್ಕದ ಅಂಗಡಿಗೆ ಓಡುತ್ತಾನೆ. ಹಂಬನ್ನು ನೆಲಕ್ಕೆ ಬಿಡದೆ ಗೂಟ, ತಂತಿ, ದಾರಕ್ಕೆ ಹಬ್ಬಿಸಿ ಗಾಳಿಯಾಡಿಸುವುದು, ಸಂಜೆ ತುಂತುರು ನೀರು ಕೊಡದೆ ಬೆಳಿಗ್ಗೆ ಹನಿ ನೀರಾವರಿ ಮಾಡುವುದು ಆ ಓಟವನ್ನು ತಪ್ಪಿಸುವ ಮುನ್ನೆಚ್ಚರಿಕೆ. ಯುರೋಪ್ 2020ರಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಕ್ಕೆ ಅನುಮತಿ ನವೀಕರಿಸದೆ ಮಿತಿಯನ್ನು ತಳಕ್ಕೆ ಇಳಿಸಿತು, ನಮ್ಮ ಅಂಗಡಿಗಳಲ್ಲಿ ಅದು ಆಮೇಲೂ ಸಿಗುತ್ತಿತ್ತು. ಅಂಗಡಿಯವನಿಗೆ ಗರ್ಕಿನ್ ಎಲ್ಲಿಗೆ ಹೋಗುತ್ತದೆಂದು ಗೊತ್ತಿರುವುದಿಲ್ಲ. ಕಂಪನಿ ಕೊಟ್ಟ ಔಷಧಿ ಪಟ್ಟಿಯ ಮೇಲೆ ದಿನಾಂಕ ಇದೆಯೇ, ಈ ಹಂಗಾಮಿನದ್ದೇ, ಕನ್ನಡದಲ್ಲಿದೆಯೇ ಎಂದು ನೋಡಿ. ಇಂಗ್ಲಿಷಿನ ಪಟ್ಟಿಯನ್ನು ಫೀಲ್ಡ್ ಸೂಪರ್‌ವೈಸರ್ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದರೆ ಬೆಳೆಗಾರನಿಗೆ ಏನೂ ಉಪಯೋಗವಿಲ್ಲ.

ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂದು ಮರೆಯದೆ ಕೇಳಿ. ಕೊಳೆನೀರಿನ ಘಟಕದ ಸೂಕ್ಷ್ಮಜೀವಿಗಳು ಸಕ್ಕರೆ, ಆಮ್ಲವನ್ನು ತಿನ್ನುತ್ತವೆ, ಉಪ್ಪನ್ನು ತಿನ್ನಲಾರವು. ಬಿಸಿಲಿನ ಕೊಳಗಳಲ್ಲಿ ಆವಿ ಮಾಡಬೇಕು, ಇಲ್ಲವೇ ಯಂತ್ರದಲ್ಲಿ ಬತ್ತಿಸಬೇಕು. ಕೊಳದ ತಳಕ್ಕೆ ಹಾಳೆ ಹಾಸಿದ್ದಾರೆಯೇ, ಮಳೆಗಾಲದಲ್ಲಿ ಏನು ಮಾಡುತ್ತಾರೆ, ಸುತ್ತಲಿನ ಕೊಳವೆಬಾವಿಗಳ ನೀರನ್ನು ಪರೀಕ್ಷಿಸುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ತಡವರಿಸಿದರೆ ಅದನ್ನೂ ವರದಿಯಲ್ಲಿ ಬರೆಯಿರಿ.

ಕೊನೆಗೆ ದುಡ್ಡು. ಟೊಮೆಟೊ ಬೆಳೆಗಾರ ಒಬ್ಬ ವ್ಯಾಪಾರಿಯ ಜೊತೆ ಮುನಿಸಿಕೊಂಡರೆ ಇನ್ನೊಂದು ಮಂಡಿಗೆ ಹೋಗುತ್ತಾನೆ. ಗರ್ಕಿನ್ ಬೆಳೆದವನಿಗೆ ಮಂಡಿಯೇ ಇಲ್ಲ, ಆರಂಭದಲ್ಲಿ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೆ. ಬಿತ್ತುವ ಮೊದಲೇ ದರ ನಿಗದಿ ಎಂಬುದು ಈ ಬೆಳೆಯ ದೊಡ್ಡ ಅನುಕೂಲ ಎನ್ನುತ್ತಾರೆ, ನಿಜವೇ. ಆದರೆ ನಿಗದಿಯಾದದ್ದು ಗ್ರೇಡಿನ ದರ, ಗ್ರೇಡನ್ನು ನಿಗದಿ ಮಾಡುವವನು ಕೊಳ್ಳುವವನು. ಬೀಜ, ಔಷಧಿ ಸಾಲವಾಗಿ ಬಂದಿರುತ್ತದೆ, ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಆದ್ದರಿಂದ ವಿದ್ಯಾರ್ಥಿ ಸಂಘ ಊರಿಗೆ ಮರಳಿ ಮಾಡಬಹುದಾದ ಉಪಯುಕ್ತ ಕೆಲಸವೆಂದರೆ ಖರೀದಿ ಕೇಂದ್ರದ ಚೀಟಿಯನ್ನು ರೈತರ ಜೊತೆ ಕೂತು ಓದುವುದು. ಚೀಟಿಯಲ್ಲಿ ದಿನಾಂಕ, ರೈತನ ಕೋಡ್, ಗ್ರೇಡ್‌ವಾರು ತೂಕ, ರಿಜೆಕ್ಟ್ ತೂಕ ಮತ್ತು ಅದರ ಕಾರಣ ಬೇರೆಬೇರೆಯಾಗಿ ಇರಬೇಕು. ಕಾರಣದ ಜಾಗ ಖಾಲಿ ಇದ್ದರೆ ತುಂಬಿಸಿಕೊಳ್ಳಬೇಕು. ಗ್ರೇಡಿಗೆ ಸಂಶಯ ಬಂದರೆ ಅಲ್ಲೇ ಒಂದು ಕಿಲೋ ತೂಗಿ ಎಣಿಸಬಹುದು, ಎರಡು ನಿಮಿಷದ ಕೆಲಸ. ಮನೆಯಲ್ಲಿ ಹೊರಡುವ ಮುಂಚೆ ತೂಗಿದ ತೂಕ ಚೀಟಿಯ ಒಟ್ಟು ತೂಕಕ್ಕೆ ಹೋಲಬೇಕು. ಬಿಸಿಲಲ್ಲಿ ಕಾದರೆ ನೀರು ಆರಿ ಸ್ವಲ್ಪ ಇಳಿಯುವುದು ಸಹಜ, ನೂರಕ್ಕೆ ಐದಾರು ಕಿಲೋ ಇಳಿದರೆ ಕೇಳಬೇಕು. ಹದಿನೈದು ದಿನದ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಯಾವ ದಿನ 60ರ ಪಾಲು ಏರಿತು, ಯಾವ ದಿನ ಬಾಗಿದ ಕಾಯಿ ಹೆಚ್ಚಾಯಿತು ಎಂದು ಕಾಣುತ್ತದೆ. ಅದರ ಪಕ್ಕಕ್ಕೆ ನೀರು ಬಿಟ್ಟ, ಔಷಧಿ ಹೊಡೆದ, ಆಳು ಬಾರದ ದಿನಗಳನ್ನು ಬರೆಸಿ. ಮುಂದಿನ ಬೆಳೆಗೆ ಸಲಹೆ ಕೊಡಲು ಬೇಕಾದದ್ದು ಆ ಎರಡು ಸಾಲುಗಳಲ್ಲಿ ಸಿಗುತ್ತದೆ.